ನೋವು ಬರಿಸುವ ಮುಂಚೆ ಮಾರ್ಕು ಎಷ್ಟು?

ತುಂಬು ಬಸುರಿಯನ್ನು ಕಿಟಕಿ ಪಕ್ಕ ಕೂರಿಸಿಕೊಂಡು ಅಂಕೋಲೆಯಿಂದ ಕಾರವಾರದ ಬಸ್ಸು ಹತ್ತುವ ಅಮ್ಮ, ಅತ್ತೆಯರ ಬಾಯಲ್ಲಿ ಮಾತು ಒಂದೇ: "ದಿನ ತುಂಬಿ ಹೋಯ್ತು. ಡಾಕ್ಟ್ರಿಗೆ ಹೇಳಿ ಒಂದು ಡ್ರಿಪ್ ಹಾಕ್ಸಿ ನೋವು ಬರ್ಸಿದ್ರೆ ಆಯ್ತು." ಮನೆಯ ಗಂಡಸರು ಅಮಾವಾಸ್ಯೆ ಯಾವತ್ತು ಎಂದು ಪಂಚಾಂಗ ತೆಗೆಯುತ್ತಾರೆ. ನೋಡಬೇಕಾದ್ದು ಮಾತ್ರ ಬೇರೆಯೇ ಇದೆ. ಅದು ಗರ್ಭಕೋಶದ ಬಾಯಿ.

ನೋವು ಬರಿಸುವುದೆಂದರೆ ಸ್ವಿಚ್ಚು ಒತ್ತಿ ದೀಪ ಹಚ್ಚಿದ ಹಾಗಲ್ಲ. ಬಾಯಿ ಗಟ್ಟಿಯಾಗಿ ಮುಚ್ಚಿಕೊಂಡಿರುವಾಗ ಬರೀ ಡ್ರಿಪ್ ಏರಿಸಿದರೆ ತಾಸುಗಟ್ಟಲೆ ನೋವು ತಿಂದೂ ಹೆರಿಗೆಯಾಗದೆ, ಕೊನೆಗೆ ಸಿಜೇರಿಯನ್ನಿಗೇ ಹೋಗುವ ಸಂಭವ ಹೆಚ್ಚು. ಇದನ್ನು ಮೊದಲೇ ಅಳೆಯಲು 1964ರಲ್ಲಿ ಅಮೆರಿಕದ ಡಾ. ಎಡ್ವರ್ಡ್ ಬಿಷಪ್ ಒಂದು ಮಾರ್ಕಿನ ಲೆಕ್ಕ ಕೊಟ್ಟರು. ಬೇಕಾದ್ದು ವೈದ್ಯರ ಎರಡು ಬೆರಳು, ಅಷ್ಟೇ. ಯಂತ್ರ ಬೇಡ, ಕರೆಂಟೂ ಬೇಡ.

ಲೆಕ್ಕದಲ್ಲಿ ಐದು ಸಂಗತಿಗಳಿವೆ. ಬಾಯಿ ಎಷ್ಟು ತೆರೆದಿದೆ, ಎಷ್ಟು ತೆಳುವಾಗಿದೆ, ಎಷ್ಟು ಮೆತ್ತಗಾಗಿದೆ, ಹಿಂದಕ್ಕಿದೆಯೋ ಮುಂದಕ್ಕೆ ಬಂದಿದೆಯೋ, ಕೂಸಿನ ತಲೆ ಎಷ್ಟು ಕೆಳಗಿಳಿದಿದೆ. ಒಟ್ಟು 13 ಮಾರ್ಕು. 8 ಅಥವಾ ಮೇಲೆ ಬಂದರೆ ಹಾದಿ ಸಲೀಸು. 6 ಅಥವಾ ಕೆಳಗಿದ್ದರೆ ಬಾಯಿ ಇನ್ನೂ ಹಣ್ಣಾಗಿಲ್ಲವೆಂದು ಅರ್ಥ; ಮೊದಲು ಜೆಲ್, ಮಾತ್ರೆ ಅಥವಾ ಬಲೂನು ಕೊಳವೆಯಿಂದ ಅದನ್ನು ಹದಕ್ಕೆ ತರಬೇಕು. ಮಾರ್ಕು ಕಡಿಮೆಯೆಂದ ಮಾತ್ರಕ್ಕೆ ಕಾಯುತ್ತ ಕೂರುವುದೂ ಸಲ್ಲದು. ರಕ್ತದೊತ್ತಡ ಏರಿದ್ದರೆ, ನೀರು ಒಡೆದು ಹೋಗಿದ್ದರೆ, ದಿನ ಮೀರಿ 41 ವಾರ ದಾಟಿದ್ದರೆ ವೈದ್ಯರು ಹೇಳಿದಂತೆ ನಡೆಯಬೇಕು. ಹಿಂದೆ ಸಿಜೇರಿಯನ್ ಆದವರ ವಿಚಾರದಲ್ಲಂತೂ ಎರಡು ಪಟ್ಟು ಎಚ್ಚರ ಬೇಕು. ಕೆಲವು ಮಾತ್ರೆಗಳು ಅವರಿಗೆ ಅಪಾಯಕಾರಿ. ಹಳೇ ಹೊಲಿಗೆ ಬಿಚ್ಚಿಕೊಂಡೀತು.

ಇದೆಲ್ಲ ಡಾಕ್ಟರರ ಕೆಲಸ, ಊರವರಿಗೇಕೆ ಎನ್ನಬಹುದು. ಕಾರಣ ರಸ್ತೆ. ನೋವು ಬರಿಸುವುದನ್ನು ಆದಷ್ಟೂ ಸಿಜೇರಿಯನ್ ಮಾಡಬಲ್ಲ ಜಾಗದಲ್ಲೇ ಮಾಡಬೇಕು, ಔಷಧಿ ಕೊಟ್ಟ ಮೇಲೆ ಬಸುರಿಯನ್ನು ಒಂಟಿಯಾಗಿ ಬಿಡಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಅಂಕೋಲೆಯಿಂದ ಕಾರವಾರದ ಬೋಧಕ ಆಸ್ಪತ್ರೆಗೆ ಅವರ್ಸಾ, ಅಮದಳ್ಳಿ, ಬಿಣಗಾ ದಾಟಿ ಸುಮಾರು 35 ಕಿ.ಮೀ. ಅಲ್ಲಿಂದಲೂ ಮುಂದೆ ಎಂದರೆ ಮಣಿಪಾಲ, ಇಲ್ಲವೇ ಗೋವಾ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಜರಿದು ಮಣಿಪಾಲದ ಹಾದಿ ಕಟ್ಟಿತು. ಮೂರು ವಾರ ಕಳೆದು ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೇ ಸೇತುವೆ ಕುಸಿಯಿತು. ಜಿಲ್ಲೆಗೊಂದು ದೊಡ್ಡಾಸ್ಪತ್ರೆ ಬೇಕೆಂದು 2022ರಲ್ಲಿ ಜನ ಬೊಬ್ಬೆ ಹಾಕಿದ್ದು ಸುಮ್ಮನೆ ಅಲ್ಲ.

ದೊಡ್ಡಾಸ್ಪತ್ರೆಗೆ ಕೋಟಿಗಟ್ಟಲೆ ಬೇಕು. ಈ ಮಾರ್ಕಿಗೆ ಬೇಕಾದ್ದು ತಾಯಿ ಕಾರ್ಡಿನ ಮೇಲೆ ಒಂದು ಸಾಲು ಶಾಯಿ. ಮಾರ್ಕು ಕಡಿಮೆ, ಇಲ್ಲಿ ರಾತ್ರಿ ಅರಿವಳಿಕೆ ವೈದ್ಯರಿಲ್ಲ, ರಕ್ತ ಸಿಗುವುದಿಲ್ಲ ಎಂದಾದರೆ ಬೆಳಕಿರುವಾಗಲೇ ಕಾರವಾರಕ್ಕೆ ಹೊರಡಬಹುದು. ನಡುರಾತ್ರಿ, ಅರ್ಧ ನೋವಿನಲ್ಲಿ 108ಕ್ಕೆ ಫೋನು ಹಚ್ಚುವ ಪಾಡು ತಪ್ಪುತ್ತದೆ.

ಮನೆಯವರು ಕೇಳಬೇಕಾದ್ದು ಮೂರೇ ಪ್ರಶ್ನೆ. ನೋವು ಬರಿಸುವುದು ಯಾಕೆ? ಮಾರ್ಕು ಎಷ್ಟು? ಆಗದಿದ್ದರೆ ಆಪರೇಶನ್ ಎಲ್ಲಿ?

ತೆಂಗಿನಕಾಯನ್ನೂ ಅಲ್ಲಾಡಿಸಿ ನೋಡಿಯೇ ಕೊಳ್ಳುವ ಜನ, ಹೆರಿಗೆ ಕೋಣೆಯ ಬಾಗಿಲಲ್ಲಿ ಇಷ್ಟು ಕೇಳಿದರೆ ಯಾವ ಡಾಕ್ಟರೂ ಬೇಸರಪಟ್ಟುಕೊಳ್ಳಬೇಕಿಲ್ಲ.