ನೆರಳು ಕಾಣೆಯಾದ ಮಧ್ಯಾಹ್ನ

ವಾರ್ಷಿಕ ಪರೀಕ್ಷೆಯ ಕೊನೆಯ ಗಂಟೆ ಬಾರಿಸಿತೆಂದರೆ ಜಯನಗರದ ಬೀದಿಗಳ ಚಹರೆಯೇ ಬದಲಾಗುತ್ತದೆ. ಹೊಂಗೆ ಮರಗಳು ಎಳೆ ಹಸಿರು ಹೊದ್ದು, ಕೆಳಗೆ ನಿಲ್ಲಿಸಿದ ಸ್ಕೂಟರುಗಳ ಸೀಟಿನ ಮೇಲೆ ಹೂವು ಉದುರಿಸುತ್ತವೆ. ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿನ ಸುತ್ತ ತಳ್ಳುಗಾಡಿಯವರು ತೋತಾಪುರಿ ಮಾವನ್ನು ಹೂವಿನಂತೆ ಸೀಳಿ ಉಪ್ಪು ಖಾರ ಹಚ್ಚಿ ಕೊಡುತ್ತಾರೆ. ಮಕ್ಕಳು ಒಂದು ವಾರ ಹೊತ್ತು ಗೊತ್ತಿಲ್ಲದೆ ಆಡುತ್ತಾರೆ. ಎರಡನೇ ವಾರಕ್ಕೆ ಒಂದೊಂದು ಮನೆಯಿಂದಲೂ ಅದೇ ರಾಗ: ‘ಅಮ್ಮಾ, ಬೋರು.’

ಒಂಬತ್ತನೇ ಬ್ಲಾಕಿನ ಒಂದು ಮನೆಯಲ್ಲಿ ಆ ಏಪ್ರಿಲ್‌ನಲ್ಲಿ ಬೇಸರಕ್ಕೆ ಇನ್ನೊಂದು ಕಾರಣವಿತ್ತು. ಪ್ರತಿ ವರ್ಷ ಪರೀಕ್ಷೆ ಮುಗಿದ ರಾತ್ರಿಯೇ ಅಮ್ಮ, ಮಕ್ಕಳು ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ ಹುಬ್ಬಳ್ಳಿಗೆ ಹೊರಟುಬಿಡುತ್ತಿದ್ದರು. ಅಲ್ಲಿ ಅಮ್ಮನ ತವರು, ಮಾಮಾನ ಬಟ್ಟೆ ಅಂಗಡಿ, ಅಂಗಳದಲ್ಲಿ ಮಲಗುವ ರಾತ್ರಿಗಳು. ಈ ಸಲ ಅದಕ್ಕೆಲ್ಲ ಕತ್ತರಿ ಬಿದ್ದಿತ್ತು. ದೊಡ್ಡವಳು ಒಂಬತ್ತನೇ ತರಗತಿಯ ಗಣಿತದಲ್ಲಿ ನೂರಕ್ಕೆ ನಲವತ್ತೆಂಟು ತಂದಿದ್ದಳು. ಮುಂದಿನದು ಎಸ್ಸೆಸ್ಸೆಲ್ಸಿ. ಅಪ್ಪ ಬನಶಂಕರಿಯಲ್ಲಿ ಬೇಸಿಗೆ ಟ್ಯೂಷನ್ನಿಗೆ ದುಡ್ಡು ಕಟ್ಟಿ ಬಂದಿದ್ದರು. ಹತ್ತೂವರೆಯಿಂದ ಒಂದರವರೆಗೆ, ವಾರಕ್ಕೆ ಆರು ದಿನ.

ಅಮ್ಮ ಏನೂ ಹೇಳಲಿಲ್ಲ. ಹೊಲಿಗೆ ಯಂತ್ರದ ಸದ್ದು ಮಾತ್ರ ಸ್ವಲ್ಪ ಜೋರಾಯಿತು.

ಮಾಳಿಗೆಯ ಮೇಲೆ ಅಜ್ಜಿಯ ರಾಜ್ಯ. ಬೆಳಗಿನ ಏಳು ಗಂಟೆಗೇ ಹಳೆಯ ಪಂಚೆ ಹಾಸಿ, ನಾಲ್ಕು ಮೂಲೆಗೂ ಕಲ್ಲಿಟ್ಟು, ಅರಳು ಸಂಡಿಗೆ ಇಡುತ್ತಿದ್ದರು. ಪಕ್ಕದಲ್ಲಿ ಮಜ್ಜಿಗೆಯಲ್ಲಿ ನೆಂದ ಮೆಣಸಿನಕಾಯಿ. ಕಾಗೆ ಓಡಿಸುವ ಕೆಲಸ ಆರನೇ ತರಗತಿಗೆ ಹೋಗಲಿರುವ ಚಿಕ್ಕವನದು. ಕೊಡೆ ಹಿಡಿದು ಕೂರುತ್ತಿದ್ದ. ಅರ್ಧ ಒಣಗಿದ ಸಂಡಿಗೆ ತಿನ್ನುವುದರಲ್ಲಿ ಕಾಗೆಗಿಂತ ಅವನೇ ಮುಂದು ಎಂಬುದು ಅಜ್ಜಿಗೂ ಗೊತ್ತಿತ್ತು, ಕಾಗೆಗೂ ಗೊತ್ತಿತ್ತು.

ಒಂದು ಸಂಜೆ ದೊಡ್ಡವಳು ಊಟದ ಹೊತ್ತಿನಲ್ಲಿ ಮೆಲ್ಲಗೆ ಕೇಳಿದಳು:

‘ಅಪ್ಪಾ, ಇಪ್ಪತ್ತನಾಲ್ಕನೇ ತಾರೀಖು ಟ್ಯೂಷನ್ನಿಗೆ ಹೋಗಲ್ಲ.’

‘ಯಾಕಮ್ಮ?’

‘ಅವತ್ತು ಮಧ್ಯಾಹ್ನ ನೆರಳು ಇರಲ್ಲ.’

ಶಾಲೆಯ ಕೊನೆಯ ದಿನ ವಿಜ್ಞಾನದ ಮೇಡಂ ಹೇಳಿದ ಮಾತು ಅವಳ ತಲೆಯಲ್ಲಿ ಉಳಿದುಬಿಟ್ಟಿತ್ತು. ನಡು ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ ಎಂದು ಎಲ್ಲರೂ ಅನ್ನುತ್ತೇವೆ. ನಿಜಕ್ಕೂ ಅವನು ಬೆಂಗಳೂರಿನ ನೆತ್ತಿಗೆ ಸರಿಯಾಗಿ ಬರುವುದು ವರ್ಷದಲ್ಲಿ ಎರಡೇ ಸಲ. ಡಿಸೆಂಬರ್‌ನಲ್ಲಿ ಮಕರ ಸಂಕ್ರಾಂತಿ ವೃತ್ತದ ನೆತ್ತಿಯಿಂದ ಹೊರಟ ಸೂರ್ಯ ಉತ್ತರಕ್ಕೆ ಸರಿಯುತ್ತ ಏಪ್ರಿಲ್ 24–25ರ ಹೊತ್ತಿಗೆ ನಮ್ಮ ನೇರಕ್ಕೆ ಬರುತ್ತಾನೆ. ಜೂನ್‌ನಲ್ಲಿ ಕರ್ಕಾಟಕ ಸಂಕ್ರಾಂತಿ ವೃತ್ತ ಮುಟ್ಟಿ ಹಿಂದಿರುಗುವಾಗ ಆಗಸ್ಟ್ 18ರ ಸುಮಾರಿಗೆ ಮತ್ತೆ ಹಾದುಹೋಗುತ್ತಾನೆ. ಆ ದಿನ ಮಧ್ಯಾಹ್ನ ನೆಟ್ಟಗೆ ನಿಂತ ಯಾವ ವಸ್ತುವಿಗೂ ಪಕ್ಕದಲ್ಲಿ ನೆರಳು ಬೀಳುವುದಿಲ್ಲ. ಇದಕ್ಕೇ ಶೂನ್ಯ ನೆರಳಿನ ದಿನ ಎನ್ನುತ್ತಾರೆ.

‘ನೆರಳು ನೋಡಿದರೆ ಮಾರ್ಕ್ಸ್ ಬರುತ್ತದೇನಮ್ಮ? ಒಂದು ಕ್ಲಾಸ್ ತಪ್ಪಿದರೆ ಒಂದು ಲೆಕ್ಕ ತಪ್ಪಿದ ಹಾಗೆ’ ಎಂದರು ಅಪ್ಪ.

‘ಇದೂ ಲೆಕ್ಕವೇ. ನೆರಳು ಅಳೆದರೆ ಭೂಮಿ ಎಷ್ಟು ದೊಡ್ಡದು ಅಂತ ಗೊತ್ತಾಗುತ್ತೆ. ಆದರೆ ಇಲ್ಲಿ ಒಬ್ಬರು, ದೂರದಲ್ಲಿ ಒಬ್ಬರು ಬೇಕು. ಹುಬ್ಬಳ್ಳಿ ಮಾಮಾ ಒಪ್ಪಿದ್ದಾರೆ.’

ಹುಬ್ಬಳ್ಳಿ ಎಂಬ ಹೆಸರು ಕೇಳಿ ಅಮ್ಮ ಬಡಿಸುತ್ತಿದ್ದ ಸೌಟು ಹಿಡಿದೇ ನಿಂತರು. ಅಪ್ಪ ಅವರ ಮುಖ ನೋಡಿದರು. ‘ಆಯ್ತು. ಒಂದೇ ದಿನ’ ಎಂದರು.

ಹುಡುಗಿ ಹೇಳಿದ್ದು ಹೊಸ ವಿದ್ಯೆಯೇನಲ್ಲ. ಕ್ರಿಸ್ತಪೂರ್ವ ಮೂರನೇ ಶತಮಾನದಲ್ಲೇ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿದ್ದ ಎರಟೋಸ್ತನೀಸ್ ಎಂಬ ಪಂಡಿತ, ದಕ್ಷಿಣದ ಸೈನೆ ಎಂಬ ಊರಿನಲ್ಲಿ ವರ್ಷಕ್ಕೊಮ್ಮೆ ಸೂರ್ಯ ನೆತ್ತಿಗೆ ಬರುವುದನ್ನು ತಿಳಿದು, ಅದೇ ದಿನ ತನ್ನೂರಿನಲ್ಲಿ ಬೀಳುವ ನೆರಳನ್ನು ಅಳೆದು ಭೂಮಿಯ ಸುತ್ತಳತೆ ಲೆಕ್ಕ ಹಾಕಿದ್ದ. ನಮ್ಮ ಹಿಂದಿನ ಜ್ಯೋತಿರ್ವಿಜ್ಞಾನಿಗಳೂ ಶಂಕು ಎಂಬ ಕೋಲು ನೆಟ್ಟು, ಅದರ ನೆರಳಿನಿಂದಲೇ ದಿಕ್ಕನ್ನೂ ಹೊತ್ತನ್ನೂ ಗೊತ್ತುಮಾಡುತ್ತಿದ್ದರು.

ಕೋಲಿಗೆ ಹುಡುಕಾಡಬೇಕಾಗಿರಲಿಲ್ಲ. ಅಮ್ಮನ ಬಳಿ ಬಟ್ಟೆ ಅಳೆಯುವ ಮೀಟರ್ ಕಡ್ಡಿಯಿತ್ತು. ಮಾಮಾನ ಅಂಗಡಿಯಲ್ಲಿ ಅಂಥವು ನಾಲ್ಕಿದ್ದವು.

24ರಂದು ಅಪ್ಪನಿಗೆ ಎರಡನೇ ಪಾಳಿ. ಮಧ್ಯಾಹ್ನ ಒಂದಕ್ಕೆ ಮನೆ ಬಿಟ್ಟರೆ ಸಾಕು. ಹನ್ನೆರಡಕ್ಕೆ ಎಲ್ಲರೂ ಮಾಳಿಗೆಯ ಮೇಲಿದ್ದರು. ಕಡ್ಡಿಯನ್ನು ಮರಳು ತುಂಬಿದ ಡಬ್ಬಿಯಲ್ಲಿ ನಿಲ್ಲಿಸಿ, ಮರಳಿನ ಮಟ್ಟದಿಂದ ತುದಿಯವರೆಗೆ ಮೀಟರ್ ಇದೆಯೇ ಎಂದು ಅಳೆದದ್ದಾಯಿತು. ನೆಟ್ಟಗಿದೆಯೇ ಎಂದು ನೋಡಲು ಅಪ್ಪ ದಾರಕ್ಕೆ ಬೀಗ ಕಟ್ಟಿ ಇಳಿಬಿಟ್ಟು, ಒಂದು ಕಣ್ಣು ಮುಚ್ಚಿ ‘ಎಡಕ್ಕೆ, ಇನ್ನೂ ಎಡಕ್ಕೆ’ ಎನ್ನುತ್ತಿದ್ದರು. ಕೈಯಲ್ಲಿ ದಾರ ಹಿಡಿದ ಮೇಲೆ ಅವರಿಗೆ ಮಾರ್ಕ್ಸಿನ ಮಾತು ಮರೆತಂತಿತ್ತು.

ಹನ್ನೆರಡು ಗಂಟೆ ಹತ್ತು ನಿಮಿಷಕ್ಕೆ ಬನಶಂಕರಿ ಕಡೆಯಿಂದ ಒಂದು ಮೋಡ ಬಂದು ಸೂರ್ಯನನ್ನು ಮುಚ್ಚಿತು. ಹುಡುಗಿಯ ಮುಖವೂ ಮುಚ್ಚಿತು. ‘ನನ್ನ ಸಂಡಿಗೆಗೆ ದಿನಾ ಇದೇ ಪಾಡು, ಕಾಯಬೇಕು’ ಎಂದರು ಅಜ್ಜಿ. ಹದಿನೈದಕ್ಕೆ ಮೋಡ ಜರುಗಿತು.

ಹನ್ನೆರಡು ಗಂಟೆ ಹದಿನೇಳು ನಿಮಿಷ. ಕಡ್ಡಿಯ ನೆರಳು ಡಬ್ಬಿಯ ಮರಳಿನಲ್ಲಿ ಕರಗಿಹೋಯಿತು. ಬೋರಲು ಹಾಕಿದ ಸ್ಟೀಲ್ ಲೋಟದ ಸುತ್ತ ಎಲ್ಲ ಕಡೆಯೂ ಬಿಸಿಲು. ಬಟ್ಟೆ ಒಣಹಾಕುವ ಕಂಬಕ್ಕೆ ನೆರಳೇ ಇಲ್ಲ. ಚಿಕ್ಕವನು ಎಗರಿ ಎಗರಿ ತನ್ನ ನೆರಳು ಹುಡುಕಿದ. ಅದು ಅವನ ಪಾದಗಳ ನಡುವೆ ಮುದುರಿ ಕೂತಿತ್ತು.

‘ದೆವ್ವಕ್ಕೆ ನೆರಳಿರಲ್ಲ ಅಂತಿದ್ದರು ನಮ್ಮಮ್ಮ. ಇವತ್ತು ನಾವೆಲ್ಲ ದೆವ್ವಗಳೇ’ ಎಂದು ಅಜ್ಜಿ ನಕ್ಕರು. ಎಪ್ಪತ್ತು ದಾಟಿದ ಅವರು ಎಷ್ಟೋ ಬೇಸಿಗೆ ಮಾಳಿಗೆಯ ಮೇಲೆ ಕಳೆದಿದ್ದರೂ ಈ ಗಳಿಗೆಯನ್ನು ನಿಂತು ನೋಡಿದ್ದು ಅದೇ ಮೊದಲು.

ಹುಬ್ಬಳ್ಳಿಯ ಸರದಿ ಇನ್ನೂ ಇತ್ತು. ಅದು ಬೆಂಗಳೂರಿಗಿಂತ ಪಶ್ಚಿಮಕ್ಕಿರುವುದರಿಂದ ಅಲ್ಲಿಯ ನಡು ಮಧ್ಯಾಹ್ನ ಸುಮಾರು ಹತ್ತು ನಿಮಿಷ ತಡ. ಮಾಮಾ ಹನ್ನೆರಡು ಇಪ್ಪತ್ತರಿಂದ ಎರಡೆರಡು ನಿಮಿಷಕ್ಕೆ ನೆರಳಿನ ತುದಿಗೆ ಸೀಮೆಸುಣ್ಣದ ಗುರುತು ಹಾಕಿ, ಎಲ್ಲಕ್ಕಿಂತ ಗಿಡ್ಡವಾದದ್ದನ್ನು ಅಳೆಯಬೇಕೆಂದು ಮಾತಾಗಿತ್ತು. ಹನ್ನೆರಡೂವರೆಗೆ ಫೋನ್ ಬಂತು.

‘ನಾಲ್ಕೂವರಿ ಸೆಂಟಿಮೀಟರ್ ಐತಿ ನೋಡವಾ. ಗಿರಾಕಿ ಬಿಟ್ಟು ಬಂದು ಅಳದೇನಿ, ಸರಿಯಾಗಿ ಲೆಕ್ಕ ಮಾಡು ಮತ್ತ!’

ಹುಡುಗಿ ಅಲ್ಲೇ ಕೂತು ಚಿತ್ರ ಬರೆದಳು. ಬೆಂಗಳೂರಿನ ಕಡ್ಡಿಯನ್ನೂ ಹುಬ್ಬಳ್ಳಿಯ ಕಡ್ಡಿಯನ್ನೂ ಕೆಳಕ್ಕೆ, ನೆಲದೊಳಕ್ಕೆ ಉದ್ದಕ್ಕೂ ಎಳೆದರೆ ಎರಡೂ ಭೂಮಿಯ ನಟ್ಟನಡುವೆ ಕೂಡುತ್ತವೆ. ಅಲ್ಲಿ ಆಗುವ ಕೋನವೂ, ಹುಬ್ಬಳ್ಳಿಯಲ್ಲಿ ಬಿಸಿಲಿಗೂ ಕಡ್ಡಿಗೂ ನಡುವೆ ಇರುವ ಕೋನವೂ ಒಂದೇ. ಆದ್ದರಿಂದ ನೆರಳಿಗೆ ಕಡ್ಡಿ ಎಷ್ಟು ಪಟ್ಟೋ, ಎರಡು ಊರಿನ ಅಂತರಕ್ಕೆ ಭೂಮಿಯ ತ್ರಿಜ್ಯ ಅಷ್ಟು ಪಟ್ಟು.

‘ಇದು ನಮ್ಮ ಕಾಲದ ತ್ರೈರಾಶಿಯಲ್ಲವೇ!’ ಎಂದರು ಅಪ್ಪ.

ನಾಲ್ಕೂವರೆ ಸೆಂಟಿಮೀಟರಿಗೆ ನೂರು ಸೆಂಟಿಮೀಟರ್. ಹಾಗಾದರೆ ಹುಬ್ಬಳ್ಳಿಯ ದೂರಕ್ಕೆ ಎಷ್ಟು? ರಸ್ತೆಯಲ್ಲಿ ಸುಮಾರು 410 ಕಿಲೋಮೀಟರ್ ಎಂದು ಅಮ್ಮ ಹೇಳಿದರು. ಗುಣಿಸಿ ಭಾಗಿಸಿದಾಗ ಬಂದದ್ದು 9,111. ಪುಸ್ತಕದಲ್ಲಿ ಭೂಮಿಯ ತ್ರಿಜ್ಯ ಸುಮಾರು 6,370 ಕಿಲೋಮೀಟರ್.

ಹುಡುಗಿ ಪೆನ್ಸಿಲ್ ಕೆಳಗಿಟ್ಟಳು. ‘ನನಗೆ ಲೆಕ್ಕ ಬರಲ್ಲ’ ಎಂದಳು. ಆ ಮಾತಿನಲ್ಲಿ ನಲವತ್ತೆಂಟು ಮಾರ್ಕ್ಸು ಬಂದ ದಿನದ ಅಳುವೂ ಸೇರಿತ್ತು. ಅಪ್ಪ ಏನೋ ಹೇಳಹೊರಟು ಸುಮ್ಮನಾದರು. ಗುಣಾಕಾರದಲ್ಲಿ ತಪ್ಪಿರಲಿಲ್ಲ, ಅವರೇ ಎರಡು ಸಲ ನೋಡಿದ್ದರು.

ಸಂಡಿಗೆ ಮಗುಚುತ್ತಿದ್ದ ಅಜ್ಜಿ ತಲೆಯೆತ್ತದೆ ಕೇಳಿದರು: ‘ಅಲ್ಲವೇ, ಹುಬ್ಬಳ್ಳಿ ಇರೋದು ವಾಯವ್ಯಕ್ಕಲ್ಲವಾ? ನೀವು ನೇರ ಉತ್ತರಕ್ಕೆ ಇದೆ ಅನ್ನೋ ಹಾಗೆ ಲೆಕ್ಕ ಹಾಕ್ತಿದ್ದೀರಲ್ಲ?’

ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ನಡು ಮಧ್ಯಾಹ್ನದ ನೆರಳಿಗೆ ಗೊತ್ತಿರುವುದು ಉತ್ತರ ದಕ್ಷಿಣ ಮಾತ್ರ. ಮಂಗಳೂರು ನಮ್ಮಿಂದ ಎಷ್ಟೋ ದೂರ, ಆದರೆ ಹೆಚ್ಚುಕಡಿಮೆ ನೇರ ಪಶ್ಚಿಮಕ್ಕಿರುವುದರಿಂದ ಅಲ್ಲಿಯೂ ಅದೇ ದಿನ ನೆರಳು ಮಾಯವಾಗುತ್ತದೆ. ರಸ್ತೆಯ ತಿರುವುಗಳಾಗಲಿ, ಪಶ್ಚಿಮಕ್ಕೆ ಸರಿದ ದೂರವಾಗಲಿ ಈ ಲೆಕ್ಕಕ್ಕೆ ಬರಬಾರದು. ಅಪ್ಪ ಕೆಳಗೋಡಿ ಕರ್ನಾಟಕದ ನಕ್ಷೆ ತಂದರು. ಹುಬ್ಬಳ್ಳಿಯಿಂದ ಪೂರ್ವಕ್ಕೆ ಒಂದು ಗೆರೆ, ಬೆಂಗಳೂರಿನಿಂದ ಉತ್ತರಕ್ಕೆ ಒಂದು ಗೆರೆ. ಉತ್ತರದ ಗೆರೆಯನ್ನು ಅಳೆದು ನಕ್ಷೆಯ ಅಳತೆಗೆ ಹೋಲಿಸಿದರೆ 270 ಕಿಲೋಮೀಟರ್.

270ನ್ನು ನೂರರಿಂದ ಗುಣಿಸಿ ನಾಲ್ಕೂವರೆಯಿಂದ ಭಾಗಿಸಿದಳು. ಸರಿಯಾಗಿ 6,000.

ಎರಡು ಮೀಟರ್ ಕಡ್ಡಿ, ಒಂದು ಸೀಮೆಸುಣ್ಣ, ಒಂದು ನಕ್ಷೆ; ಭೂಮಿಯ ಅಳತೆಯಲ್ಲಿ ತಪ್ಪಿದ್ದು ನೂರಕ್ಕೆ ಆರರಷ್ಟು. ಆ ಕೊರತೆಗೂ ಕಾರಣ ಸಿಕ್ಕಿತು. ಸೂರ್ಯ ಚುಕ್ಕೆಯಲ್ಲ, ಅರ್ಧ ಡಿಗ್ರಿ ಅಗಲದ ಬಿಂಬ. ಮೀಟರ್ ಕಡ್ಡಿಯ ನೆರಳಿನ ತುದಿ ಹೆಚ್ಚುಕಡಿಮೆ ಒಂದು ಸೆಂಟಿಮೀಟರಿನಷ್ಟು ಮಸುಕಾಗಿಯೇ ಇರುತ್ತದೆ. ಆ ಮಸುಕಿನಲ್ಲಿ ಮೂರು ಮಿಲಿಮೀಟರ್ ಹಿಂದೆ ಗುರುತು ಹಾಕಿದ್ದರೆ ಉತ್ತರ 6,400ರ ಆಸುಪಾಸಿಗೆ ಬರುತ್ತಿತ್ತು. ‘ಮಾಮಾನ ತಪ್ಪೂ ಅಲ್ಲ, ನನ್ನ ತಪ್ಪೂ ಅಲ್ಲ. ನೆರಳೇ ಹಾಗೆ’ ಎಂದಳು ಹುಡುಗಿ. ನಲವತ್ತೆಂಟು ಮಾರ್ಕ್ಸಿನ ಆ ಉತ್ತರಪತ್ರಿಕೆಯನ್ನು ಅವಳು ಯಾರಿಗೂ ತೋರಿಸಿರಲಿಲ್ಲ. ಆ ರಾತ್ರಿ ತಾನಾಗಿ ತಂದು ಎಲ್ಲೆಲ್ಲಿ ತಪ್ಪಿದ್ದೇನೆ ಎಂದು ಅಮ್ಮನೆದುರು ಕೂತು ನೋಡಿದಳು.

ಈ ಆಟಕ್ಕೆ ಜಯನಗರವೇ ಬೇಕೆಂದಿಲ್ಲ. ಚಾಮರಾಜನಗರದಿಂದ ಬೀದರಿನವರೆಗೆ ನಾಡಿನ ಒಂದೊಂದು ಊರಿಗೂ ಅದರದೇ ಶೂನ್ಯ ನೆರಳಿನ ದಿನವಿದೆ. ದಕ್ಷಿಣದಲ್ಲಿ ಏಪ್ರಿಲ್ 20ರ ಸುಮಾರಿಗೆ, ಉತ್ತರದ ತುದಿಯಲ್ಲಿ ಮೇ 12ರ ಸುಮಾರಿಗೆ. ನೆಟ್ಟಗಿನ ಕೋಲು, ಸಮನಾದ ನೆಲ, ಉತ್ತರಕ್ಕೋ ದಕ್ಷಿಣಕ್ಕೋ ಇನ್ನೂರು ಮುನ್ನೂರು ಕಿಲೋಮೀಟರ್ ಆಚೆ ಒಬ್ಬ ನೆಂಟರು ಇದ್ದರೆ ಆಯಿತು. ಸೂರ್ಯನನ್ನು ಮಾತ್ರ ಬರಿಗಣ್ಣಿನಿಂದ ನೋಡಬಾರದು, ನೋಡಬೇಕಾದದ್ದು ನೆಲವನ್ನು. ಅಪ್ಪ ಅಮ್ಮಂದಿರು ಅರ್ಧ ಗಂಟೆ ಜೊತೆಗೆ ನಿಂತರೆ ಇನ್ನೂ ಚೆನ್ನ. ಉತ್ತರ ತಪ್ಪಿದಾಗ, ಯಾಕೆ ತಪ್ಪಿತೆಂದು ಹುಡುಕಲು ಮನೆಯಲ್ಲಿ ಇನ್ನೊಬ್ಬರು ಬೇಕಾಗುತ್ತದೆ.

ಮರುದಿನ ಹುಡುಗಿ ಎಂದಿನಂತೆ ಟ್ಯೂಷನ್ನಿಗೆ ಹೋದಳು. ಸಂಜೆ ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು ಅಮ್ಮನಿಗೆ ವಿವರಿಸುತ್ತಿದ್ದಳು: ಸೂರ್ಯ ಈಗ ದಿನಕ್ಕೆ ಸುಮಾರು 35 ಕಿಲೋಮೀಟರಿನಂತೆ ಉತ್ತರಕ್ಕೆ ಸರಿಯುತ್ತಿದ್ದಾನೆ, ಮೇ 2ರ ಸುಮಾರಿಗೆ ಹುಬ್ಬಳ್ಳಿಯ ನೆತ್ತಿ ಮುಟ್ಟುತ್ತಾನೆ.

‘ಅಂತೂ ಸೂರ್ಯನೂ ಹುಬ್ಬಳ್ಳಿಗೆ ಹೊರಟ’ ಎಂದರು ಅಮ್ಮ. ನಗುತ್ತಲೇ ಅಂದರು. ಆದರೂ ಒಳಗೆ ಪತ್ರಿಕೆ ಹಿಡಿದು ಕೂತಿದ್ದ ಅಪ್ಪನಿಗೆ ಅದು ಕೇಳಿಸಿತು.

ಮೇ 1 ಕಾರ್ಮಿಕರ ದಿನ, ಅಪ್ಪನ ಕಾರ್ಖಾನೆಗೂ ರಜೆ, ಟ್ಯೂಷನ್ನಿಗೂ ರಜೆ. ಅದಕ್ಕೆ ಇನ್ನೆರಡು ದಿನ ಸೇರಿಸಲು ಎಷ್ಟು ಕ್ಲಾಸ್ ತಪ್ಪುತ್ತದೆಂದು ಅಪ್ಪ ಬೆರಳು ಮಡಿಸಿ ಎಣಿಸಿದರು. ಎರಡೇ. ‘ರೈಲಿನಲ್ಲಿ ಕೂತು ಓದಿಕೊಳ್ಳಬಹುದಲ್ಲ’ ಎಂದರು, ಯಾರೂ ಕೇಳದಿದ್ದರೂ.

ಏಪ್ರಿಲ್ 30ರ ರಾತ್ರಿ ರಾಣಿ ಚೆನ್ನಮ್ಮ ಹತ್ತಿದಾಗ ಅವರ ಬಳಿ ಎರಡು ಚೀಲ, ಹುಬ್ಬಳ್ಳಿಯ ಅಜ್ಜಿಗೆಂದು ಒಂದು ಡಬ್ಬಿ ಅರಳು ಸಂಡಿಗೆ, ಮತ್ತು ಕಿಟಕಿಯ ಪಕ್ಕ ಒರಗಿಸಿದ ಒಂದು ಮೀಟರ್ ಕಡ್ಡಿ ಇದ್ದವು. ಮಾಮಾನ ಅಂಗಡಿಯಲ್ಲಿ ನಾಲ್ಕು ಕಡ್ಡಿಗಳಿವೆ ಎಂದು ಅಮ್ಮ ಎಷ್ಟು ಹೇಳಿದರೂ ಹುಡುಗಿ ಕೇಳಿರಲಿಲ್ಲ.