ಮಕ್ಕಳ ಮನೋವೈದ್ಯರಿಗೆ ಮಕ್ಕಳ ಮಾತು ಬೇಡವೆ?

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಎಂ.ಡಿ. ಮುಗಿಸಿದವರಿಗೆ ಮತ್ತೆ ಮೂರು ವರುಷ ಕಲಿಸಿ, ಮಕ್ಕಳ ಹಾಗೂ ಹದಿಹರೆಯದವರ ಮನೋವೈದ್ಯರನ್ನು ಸಿದ್ಧಪಡಿಸುತ್ತಿದೆ. ನಾಳಿನ ಧುರೀಣರು ಇವರೇ, ಒಪ್ಪತಕ್ಕ ಮಾತು. ಆದರೆ ಈ ಧುರೀಣರು ಮಗುವಿನ ಅಳಲನ್ನು ಯಾವ ಭಾಷೆಯಲ್ಲಿ ಕೇಳತಕ್ಕವರು? ದೇಹದ ಬೇನೆಗೆ ನಾಡಿಯುಂಟು; ಮನದ ಬೇನೆಗೆ ಮಾತೇ ನಾಡಿ.

ನಮ್ಮ ಮಾಧವನಗರ, ಮಿರಜಗಳ ಕನ್ನಡ ಮನೆಯ ಕೂಸು ಅವ್ವನೊಡನೆ ಕನ್ನಡವಾಡುತ್ತದೆ, ಮರಾಠಿ ಶಾಲೆಯಲ್ಲಿ ಬಾಯಿ ಕಟ್ಟಿ ಕೂಡುತ್ತದೆ. ಅದು ಬುದ್ಧಿಮಾಂದ್ಯವೊ, ಅಂಜಿಕೆಯೊ, ಬರಿಯ ಭಾಷೆಯ ತೊಡಕೊ? ಒಂದೇ ಭಾಷೆಯಲ್ಲಿ ಪರೀಕ್ಷಿಸುವವರು ಇದನ್ನು ಹೇಗೆ ಬಲ್ಲರು? ತಪ್ಪಿ ಅಂಟಿಸಿದ ಹಣೆಪಟ್ಟಿಯನ್ನು ಹೊರುವುದು ಮಾತ್ರ ಕೂಸೇ.

2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು 13ರಿಂದ 17ರ ಪ್ರಾಯದವರಲ್ಲಿ ಶೇಕಡಾ 7.3 ಮಂದಿಗೆ ಮನೋವ್ಯಾಧಿಯುಂಟೆಂದಿತು. ಅಷ್ಟು ಮಕ್ಕಳಿಗೆ ತಜ್ಞರೆಲ್ಲಿಂದ ಸಾಲಬೇಕು? ಪರರಿಗೆ ಕಲಿಸಬಲ್ಲವನೇ ಇಲ್ಲಿ ಧುರೀಣ. ಇದೇ ನಿಮ್ಹಾನ್ಸ್ 1985ರಲ್ಲಿ ಬಳ್ಳಾರಿ ಜಿಲ್ಲೆಗೆ ಹೋಗಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ಮನೋವೈದ್ಯ ಕಲಿಸಲಿಲ್ಲವೆ? ಆ ದಾರಿ ಮಕ್ಕಳ ಪಾಲಿಗೆ ಏಕೆ ಮುಚ್ಚಿರಬೇಕು?

ಮೂರು ವರುಷಗಳಲ್ಲಿ ಆರು ತಿಂಗಳಾದರೂ ಜತ್ತ, ಮಿರಜದಂಥ ಗಡಿ ತಾಲೂಕುಗಳ ಶಾಲೆಗಳಲ್ಲಿ ಕಳೆಯಲಿ. ಹಳ್ಳಿಯ ಶಿಕ್ಷಕನಿಗೆ ಅವನ ಮಾತಿನಲ್ಲಿಯೇ ತಿಳಿಯ ಹೇಳುವುದು ಪರೀಕ್ಷೆಯ ವಿಷಯವಾಗಲಿ. ಇಂಗ್ಲಿಷ್ ಪ್ರಬಂಧವನ್ನು ಆಮೇಲೆ ಬರೆದರಾಯಿತು.