ಮಕ್ಕಳ ತಲೆಯ ದೊಡ್ಡ ಮಚ್ಚೆ: ಚಿಕಿತ್ಸೆ ಇದೆ, ಜತೆಗಾರರು ಬೇಕು

ಹುಟ್ಟಿದ ಮಗುವಿನ ತಲೆಯಲ್ಲಿ ಅಂಗೈಯಗಲದ ಕಪ್ಪು ಮಚ್ಚೆ ಕಂಡರೆ ನಮ್ಮ ಊರುಗಳಲ್ಲಿ ಮೊದಲು ಬರುವ ಮಾತು ಗ್ರಹಣದ್ದು. ಬಸುರಿ ಗ್ರಹಣ ನೋಡಿದಳೆಂದು ತಾಯಿಯ ಮೇಲೆ ತಪ್ಪು ಹೊರಿಸಲಾಗುತ್ತದೆ. ಕ್ರೈಸ್ತರ ಮನೆಗಳೂ ಇದಕ್ಕೆ ಹೊರತಲ್ಲ. ಗರ್ಭದಲ್ಲಿ ಚರ್ಮದ ಬಣ್ಣದ ಕೋಶಗಳು ಬೆಳೆಯುವಾಗ ಆಗುವ ಬದಲಾವಣೆಯೇ ಇದಕ್ಕೆ ಕಾರಣ. ತಾಯಿಯ ತಪ್ಪು ಇದರಲ್ಲಿ ಏನೂ ಇಲ್ಲ.

ಚಿಕ್ಕ ಮಚ್ಚೆಯನ್ನು ಕತ್ತರಿಸಿ ಹೊಲಿಗೆ ಹಾಕಬಹುದು. ದೊಡ್ಡದಾದರೆ ಸಮಸ್ಯೆ, ಏಕೆಂದರೆ ತಲೆಯ ಚರ್ಮ ಸುಲಭವಾಗಿ ಹಿಗ್ಗುವುದಿಲ್ಲ. ತೊಡೆಯ ಚರ್ಮ ತೆಗೆದು ಕಸಿ ಮಾಡಿದರೆ ಗಾಯ ಮುಚ್ಚುತ್ತದೆ, ಆದರೆ ಅಲ್ಲಿ ಕೂದಲು ಬೆಳೆಯುವುದಿಲ್ಲ. ಇದಕ್ಕೆ ಪರಿಹಾರವಾಗಿ ಬಂದದ್ದು ಚರ್ಮ ಹಿಗ್ಗಿಸುವ ವಿಧಾನ. 1957ರಲ್ಲಿ ಅಮೆರಿಕದ ಡಾ. ನ್ಯೂಮನ್ ಕಿವಿಯ ಮರುರಚನೆಗೆ ಇದನ್ನು ಬಳಸಿದರು. 1970ರ ದಶಕದಲ್ಲಿ ಡಾ. ರಾಡೋವನ್ ಇದನ್ನು ಬಳಕೆಗೆ ತಂದರು. ಮಚ್ಚೆಯ ಪಕ್ಕದ ಒಳ್ಳೆಯ ಚರ್ಮದಡಿ ಸಿಲಿಕೋನ್ ಚೀಲವಿಟ್ಟು, ವಾರಕ್ಕೊಮ್ಮೆ ಸೂಜಿಯಿಂದ ಸಲೈನ್ ತುಂಬುತ್ತಾರೆ. ಎರಡು-ಮೂರು ತಿಂಗಳಲ್ಲಿ ಚರ್ಮ ಹಿಗ್ಗುತ್ತದೆ. ಬಳಿಕ ಚೀಲ ಮತ್ತು ಮಚ್ಚೆಯನ್ನು ತೆಗೆದು, ಕೂದಲಿರುವ ಆ ಚರ್ಮವನ್ನೇ ಎಳೆದು ಮುಚ್ಚುತ್ತಾರೆ. ತಲೆಯ ಸುಮಾರು ಅರ್ಧ ಭಾಗವನ್ನು ಹೀಗೆ ಸರಿಪಡಿಸಬಹುದು. ಸುಟ್ಟ ಗಾಯದ ಕಲೆಗೂ ಇದೇ ಚಿಕಿತ್ಸೆ.

ದೊಡ್ಡ ಮಚ್ಚೆಯಲ್ಲಿ ಕ್ಯಾನ್ಸರ್ ಬರುವ ಸಾಧ್ಯತೆ ಕಡಿಮೆಯಾದರೂ ಇದೆ. ಶಸ್ತ್ರಚಿಕಿತ್ಸೆಯಿಂದ ಅದು ಪೂರ್ತಿ ಇಲ್ಲವಾಗುವುದಿಲ್ಲ. ಆದುದರಿಂದ ಮಾಡಿಸಿದರೂ ಬಿಟ್ಟರೂ ವೈದ್ಯರ ನಿಗಾ ಅಗತ್ಯ.

ಬೆಂಗಳೂರಿನ ಮಡಿವಾಳದ ಸಮೀಪ, ಸರ್ಜಾಪುರ ರಸ್ತೆಯಲ್ಲಿರುವ ಸಂತ ಜಾನ್ ವೈದ್ಯಕೀಯ ಕಾಲೇಜು ನಮ್ಮ ಜನರಿಗೆ ಪರಿಚಿತ. ಭಾರತದ ಕಥೊಲಿಕ ಧರ್ಮಾಧ್ಯಕ್ಷರ ಮಂಡಳಿ 1963ರಲ್ಲಿ ಇದನ್ನು ಆರಂಭಿಸಿತು. ಆಸ್ಪತ್ರೆ ಬಂದದ್ದು 1975ರಲ್ಲಿ. ಪ್ಲಾಸ್ಟಿಕ್ ಸರ್ಜರಿ ಹಾಗೂ ಮಕ್ಕಳ ಶಸ್ತ್ರಚಿಕಿತ್ಸೆಯ ವಿಭಾಗಗಳು ಅಲ್ಲಿವೆ. ಆದರೆ ಕರಾವಳಿಯ ಕೂಲಿ ಕುಟುಂಬಕ್ಕೆ ಇಂತಹ ಚಿಕಿತ್ಸೆಯ ಅರ್ಥವೇನು? ಕನಿಷ್ಠ ಎರಡು ಶಸ್ತ್ರಚಿಕಿತ್ಸೆ, ನಡುವೆ ವಾರವಾರವೂ ಆಸ್ಪತ್ರೆಯ ಭೇಟಿ, ಸೋಂಕು ತಗಲಿದರೆ ಮತ್ತೆ ದಾಖಲಾತಿ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ. ವರೆಗೆ ನೆರವಿದೆ. ಯಾವ ಚಿಕಿತ್ಸೆ, ಯಾವ ಆಸ್ಪತ್ರೆ ಅದರಲ್ಲಿ ಸೇರುತ್ತದೆ ಎಂಬುದನ್ನು ಮೊದಲೇ ವಿಚಾರಿಸಬೇಕು. ಬಸ್ಸು, ಬಾಡಿಗೆ ಕೋಣೆ, ತಪ್ಪಿದ ಕೂಲಿ ಮಾತ್ರ ಕುಟುಂಬದ ತಲೆಗೇ ಬರುತ್ತದೆ. ಚೀಲವಿಟ್ಟ ಮೇಲೆ ಅರ್ಧದಲ್ಲಿ ಊರಿಗೆ ಮರಳಿದರೆ ಮಗುವಿನ ಅಷ್ಟು ನೋವೂ ವ್ಯರ್ಥ.

ನಮ್ಮ ಧರ್ಮಕೇಂದ್ರಗಳ ನೆರವು ಹೆಚ್ಚಾಗಿ ಒಂದೇ ಸಲದ ಚೆಕ್. ಇಂತಹ ಚಿಕಿತ್ಸೆಗೆ ತಿಂಗಳು ತಿಂಗಳಿನ ಆಸರೆ ಬೇಕು. ಸಂತ ವಿನ್ಸೆಂಟ್ ಪಾವ್ಲ್ ಸಭೆಯವರು ಪ್ರಯಾಣದ ಖರ್ಚು ವಹಿಸಿಕೊಳ್ಳಬಹುದು. ವಾಳೆಯ ಗುರಿಕಾರರು ಊರಲ್ಲಿ ಉಳಿದ ಮಕ್ಕಳ ಊಟ, ಶಾಲೆ ನೋಡಿಕೊಳ್ಳಬಹುದು. ಬೆಂಗಳೂರಿನಲ್ಲಿರುವ ನಮ್ಮೂರಿನವರು ಎರಡು ತಿಂಗಳು ಒಂದು ಕೋಣೆ ಬಿಟ್ಟುಕೊಟ್ಟರೆ ಅದು ದೊಡ್ಡ ದಾನ. ಇನ್ನೊಂದು ಮಾತು: ಹಣ ಸಂಗ್ರಹಕ್ಕೆಂದು ಮಗುವಿನ ತಲೆಯ ಫೋಟೊ ಹಂಚಬೇಡಿ. ಮಚ್ಚೆ ಹೋದ ಮೇಲೂ ಆ ಫೋಟೊ ಉಳಿಯುತ್ತದೆ.

ಪ್ರತಿ ಫೆಬ್ರವರಿ 11ರಂದು ಧರ್ಮಸಭೆ ರೋಗಿಗಳ ದಿನ ಆಚರಿಸುತ್ತದೆ. ಆ ದಿನದ ಪ್ರಾರ್ಥನೆಯ ಜತೆಗೆ, ನಮ್ಮ ವಾಳೆಯಲ್ಲಿ ಟೊಪ್ಪಿಯಡಿ ತಲೆ ಮರೆಸಿಕೊಂಡು ಶಾಲೆಗೆ ಹೋಗುವ ಮಗುವೊಂದು ಇದೆಯೇ ಎಂದು ಪಾಲನಾ ಮಂಡಳಿ ಕೇಳಿ ನೋಡಲಿ.